ಲಾಕ್ ಕಾಣ್ತಿಲ್ಲ ಅಂತಿದೆ ಕಂಪ್ಯೂಟರು! ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಒಬ್ರು ಪ್ರೆಸ್ಸಿನೋರು ಹಳೇ ಸಾಫ್ಟ್‌ವೇರಿನ ಹಾರ್ಡ್‌ವೇರ್ ಲಾಕ್ (ಕಂಪ್ಯೂಟರಿಗೆ ಸಿಕ್ಕಿಸಿದ್ರೆ ಮಾತ್ರ ಆ ಸಾಫ್ಟ್‌ವೇರ್ ಓಡೋದು, ಡಾಂಗಲ್ ಅಂತಾನೂ ಅಂತಾರೆ) ಬಗ್ಗೆ ಕೇಳಿದ್ರು, ನಾಲ್ಕೇ ಸಾಲಲ್ಲಿ ಉತ್ತರ ಬರೆದು ಕೈತೊಳ್ಕೊಂಡಿದ್ದೆ. ಅಷ್ಟಕ್ಕೇ ಈ ಸಲ ಬಂದಿರೋ ಪತ್ರ, ಮೆಸೇಜು ನೋಡಿದ್ರೆ ಊರೂರಲ್ಲೂ ಯಾರದೋ ಟೇಬಲ್ ಡ್ರಾಯರಲ್ಲಿ ಒಂದೊಂದು ಲಾಕ್ ಬಿದ್ದಿದೆ ಅಂತಾಯ್ತು. ಹಾಗಾಗಿ ಈ ಸಲ ಪೂರ್ತಿ ಲಾಕ್ ಪುರಾಣನೇ. ಮೊಬೈಲ್ ಹ್ಯಾಂಗ್ ಆಗುತ್ತೆ, ವೈಫೈ ಬರಲ್ಲ ಅಂದೋರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಸರ್, ನಮ್ದು ಲಗ್ನಪತ್ರಿಕೆ, ಕರಪತ್ರ, ಬಿಲ್‌ಬುಕ್ ಮಾಡೋ ಸಣ್ಣ ಡಿಟಿಪಿ ಅಂಗಡಿ. 2001ರಲ್ಲಿ ತಗೊಂಡ ಕನ್ನಡ ಸಾಫ್ಟ್‌ವೇರಿಗೆ ಪ್ರಿಂಟರ್ ಪೋರ್ಟಿಗೆ ಹಾಕೋ ಲಾಕ್ ಇದೆ. ಹಳೇ ಕಂಪ್ಯೂಟರ್ ಕೈಕೊಟ್ಟು ಹೊಸದು ತಗೊಂಡೆ, ಅದರಲ್ಲಿ ಆ ಪೋರ್ಟೇ ಇಲ್ಲ. ಅಂಗಡಿಯವನು ಯುಎಸ್‌ಬಿ ಟು ಪ್ರಿಂಟರ್ ಕೇಬಲ್ ಕೊಟ್ಟ, ಹಾಕಿದ್ರೂ ಲಾಕ್ ಕಾಣ್ತಿಲ್ಲ ಅಂತಲೇ ಬರುತ್ತೆ. ಏನ್ ಮಾಡೋದು? (ಶಿರಸಿಯಿಂದ ಒಬ್ಬರು)

ಉತ್ತರ: ಮೊದಲು ಆ ಕೇಬಲ್ ವಾಪಸ್ ಕೊಟ್ಟು ದುಡ್ಡು ಇಸ್ಕೊಳ್ಳಿ. ಅದು ಎಷ್ಟೇ ಒಳ್ಳೇದಾಗಿದ್ರೂ ನಿಮ್ಮ ಕೆಲಸಕ್ಕೆ ಬರಲ್ಲ, ಕಾರಣ ಏನಂದ್ರೆ ಆ ಕೇಬಲ್ಲಿಗೆ ಪ್ರಿಂಟರ್ ಜೊತೆ ಮಾತಾಡೋದು ಬಿಟ್ಟು ಬೇರೇನೂ ಗೊತ್ತಿಲ್ಲ. ಹಳೇ ಕಂಪ್ಯೂಟರಲ್ಲಿ ಪ್ಯಾರಲಲ್ ಪೋರ್ಟ್ (ನೀವು ಹೇಳೋ ಪ್ರಿಂಟರ್ ಪೋರ್ಟೇ) ಅಂದ್ರೆ ಮದರ್‌ಬೋರ್ಡಲ್ಲಿ ಒಂದು ಗೊತ್ತಾದ ವಿಳಾಸ, ಸಾಮಾನ್ಯವಾಗಿ ಹೆಕ್ಸಲ್ಲಿ, ಅಂದ್ರೆ ಕಂಪ್ಯೂಟರಿನ ಹದಿನಾರರ ಎಣಿಕೇಲಿ, 378. ನಿಮ್ಮ ಸಾಫ್ಟ್‌ವೇರು ಸೀದಾ ಆ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತೆ, ವೈರುಗಳನ್ನ ಒಂದೊಂದಾಗಿ ಏರಿಸಿ ಇಳಿಸಿ ಲಾಕ್ ಏನು ಹೇಳುತ್ತೆ ಅಂತ ಕೇಳಿಸ್ಕೊಳ್ಳುತ್ತೆ. ಯುಎಸ್‌ಬಿ ಕೇಬಲ್ ಹಾಕಿದಾಗ 378ರಲ್ಲಿ ಮನೆಯೇ ಇರಲ್ಲ, ಬಾಗಿಲು ತಟ್ಟೋದು ಯಾರಿಗೆ?

ದಾರಿ ಇಲ್ಲ ಅಂತಲ್ಲ. ಒಂದು, ಕಂಪನಿ ಇನ್ನೂ ಇದ್ರೆ ಹಳೇ ಲಾಕ್ ವಾಪಸ್ ತಗೊಂಡು ಯುಎಸ್‌ಬಿ ಲಾಕ್ ಕೊಡ್ತಾರಾ ಕೇಳಿ, ಅಪ್‌ಗ್ರೇಡ್ ಅಂತ ಒಂದಿಷ್ಟು ದುಡ್ಡು ತಗೊಂಡು ಕೊಡೋದುಂಟು, ಬಿಲ್ ಹುಡುಕಿ ಇಟ್ಕೊಳ್ಳಿ. ಎರಡು, ಡೆಸ್ಕ್‌ಟಾಪ್ ಆದ್ರೆ ಪ್ಯಾರಲಲ್ ಪೋರ್ಟ್ ಕಾರ್ಡ್ ಸಿಗುತ್ತೆ, ಒಳಗೆ ಹಾಕಿಸಬಹುದು, ಆದ್ರೆ ಅಂಥ ಕಾರ್ಡು 378ರಲ್ಲಿ ಕೂರದೆ ಬೇರೆ ಯಾವುದೋ ವಿಳಾಸದಲ್ಲಿ ಕೂರುತ್ತೆ. ಕೆಲವು ಲಾಕುಗಳ ಡ್ರೈವರಲ್ಲಿ (ಲಾಕನ್ನ ವಿಂಡೋಸಿಗೆ ಪರಿಚಯ ಮಾಡಿಸೋ ಪ್ರೋಗ್ರಾಮು) ವಿಳಾಸ ಬದಲಾಯಿಸೋ ಜಾಗ ಇರುತ್ತೆ, ಕೆಲವಕ್ಕೆ ಇರಲ್ಲ. ಅದೂ ಅಲ್ದೆ ಹೊಸ ಕಂಪ್ಯೂಟರು 64 ಬಿಟ್ ವಿಂಡೋಸ್, ಅದರಲ್ಲಿ 16 ಬಿಟ್ ಕಾಲದ ಪ್ರೋಗ್ರಾಮು ಓಡೋದೇ ಇಲ್ಲ, ಡಿಜಿಟಲ್ ಸಹಿ ಇಲ್ಲದ ಹಳೇ ಡ್ರೈವರನ್ನ ಅದು ಒಳಗೇ ಬಿಟ್ಕೊಳ್ಳಲ್ಲ. ಅಂಥ ಹಳೇ ಪ್ರೋಗ್ರಾಮು ಓಡಿಸೋ 32 ಬಿಟ್ ರೂಪ ವಿಂಡೋಸ್ 11ಕ್ಕೆ ಇಲ್ವೇ ಇಲ್ಲ. ಅಂದ್ರೆ ಪೋರ್ಟ್ ಸಮಸ್ಯೆ ದಾಟಿದ್ರೂ ಹೊಳೆ ದಾಟಿ ಕೆಸರಲ್ಲಿ ಸಿಕ್ಕಿಹಾಕ್ಕೊಂಡಂಗೆ ಆಗುತ್ತೆ.

ನನ್ನ ಕೇಳಿದ್ರೆ ಹಳೇ ಕಂಪ್ಯೂಟರನ್ನೇ ರಿಪೇರಿ ಮಾಡಿಸಿ. ಕೈಕೊಟ್ಟಿದ್ದು ಅಂದ್ರೆ ಏನು, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಡಬ್ಬಿ) ಹೋಗಿದ್ಯಾ, ಹಾರ್ಡ್‌ಡಿಸ್ಕ್ ಹೋಗಿದ್ಯಾ, ಇಲ್ಲಾ ಬರೀ ಬಟನ್ ಸೆಲ್ ಸತ್ತು ದಿನಾಂಕ ಮರೆತು ಕೂತಿದ್ಯಾ? ಇವೆಲ್ಲ ಕಡಿಮೆ ದುಡ್ಡಲ್ಲಿ ಆಗೋ ಕೆಲಸ. ಹಾರ್ಡ್‌ಡಿಸ್ಕ್ ಇನ್ನೂ ಉಸಿರಾಡ್ತಿದ್ರೆ ಇವತ್ತೇ ಅದರ ಪೂರ್ತಿ ನಕಲು ಇನ್ನೊಂದು ಡಿಸ್ಕಿಗೆ ಮಾಡಿಸಿ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ರೆ ಇಂಟರ್ನೆಟ್ ಕೊಡ್ಬೇಡಿ, ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2014ಕ್ಕೇ ಮುಗೀತು, ಫೈಲು ಪೆನ್‌ಡ್ರೈವಲ್ಲಿ ಸಾಗಿಸಿ. ಆ ಕಂಪ್ಯೂಟರ್ ಓಡ್ತಿರೋವಾಗ್ಲೇ ಹಳೇ ಫೈಲುಗಳನ್ನ ಒಂದೊಂದಾಗಿ ಯುನಿಕೋಡಿಗೆ (ಈಗಿನ ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಪದ್ಧತಿ) ತಗೊಳ್ಳೋ ಕೆಲಸ ಶುರು ಮಾಡಿ. ಕನ್ವರ್ಟರ್ ಹಾಕಿದ್ಮೇಲೆ ಅರ್ಕಾವತ್ತು, ಒತ್ತಕ್ಷರ ಎರಡೂ ಕಣ್ಣಾರೆ ನೋಡ್ಬೇಕು, ಸೂರ್ಯ, ಕಾರ್ಯಕ್ರಮ, ವರ್ಷ ಇಂಥ ಪದಗಳಲ್ಲೇ ಎಡವಟ್ಟಾಗೋದು. ಲಗ್ನಪತ್ರಿಕೇಲಿ ಸೂರ್ಯನಾರಾಯಣನ ಹೆಸರು ತಪ್ಪಾದ್ರೆ ಬೀಗರು ಲಾಕ್ ಕಥೆ ಕೇಳಲ್ಲ.

ಪ್ರಶ್ನೆ: ಈ ಡಾಂಗಲ್ ಒಳಗೆ ಅಂಥದ್ದು ಏನಿರುತ್ತೆ? ನೋಡೋಕೆ ಪೆನ್‌ಡ್ರೈವ್ ಥರನೇ ಇದೆ, ಕಾಪಿ ಮಾಡೋಕೆ ಯಾಕಾಗಲ್ಲ? (ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಪೆನ್‌ಡ್ರೈವಿನ ಕೆಲಸ ಏನು, ಒಳಗಿರೋದನ್ನೆಲ್ಲ ಕೇಳಿದೋರಿಗೆ ಓದಿ ಹೇಳೋದು. ಡಾಂಗಲ್ಲಿನ ಕೆಲಸ ಉಲ್ಟಾ. ಒಳಗೊಂದು ಗುಟ್ಟು ಇರುತ್ತೆ, ಅದನ್ನ ಯಾರು ಕೇಳಿದ್ರೂ ಹೊರಗೆ ಬಿಡಲ್ಲ, ಆದ್ರೆ ಆ ಗುಟ್ಟು ತನ್ನತ್ರ ಇದೆ ಅಂತ ಮಾತ್ರ ತೋರಿಸ್ಕೊಡುತ್ತೆ.

ನಮ್ಮೂರಲ್ಲಿ ಯಾರೋ ಬಂದು ನಾನು ನಿಮ್ಮ ದೊಡ್ಡಪ್ಪನ ಊರಿನೋನು ಅಂದ್ರೆ ಅಜ್ಜಿ ಏನ್ ಮಾಡ್ತಾಳೆ? ಹೌದಪ್ಪ ಅಂತ ಒಳಗೆ ಕರೆಯಲ್ಲ. ಆ ಊರಲ್ಲಿ ದೇವಸ್ಥಾನದ ಬಾವಿ ಯಾವ ಕಡೆ ಇದೆ, ಶಾನುಭೋಗರ ಮನೆ ಮುಂದೆ ಯಾವ ಮರ ಅಂತ ಕೇಳ್ತಾಳೆ. ಇನ್ನೊಂದ್ಸಲ ಬಂದ್ರೆ ಬೇರೆ ಪ್ರಶ್ನೆ. ಸಾಫ್ಟ್‌ವೇರೂ ಅದನ್ನೇ ಮಾಡುತ್ತೆ, ಒಂದು ಅಂಕಿ ಕಳಿಸುತ್ತೆ, ಡಾಂಗಲ್ಲು ತನ್ನ ಗುಟ್ಟಿನ ಜೊತೆ ಆ ಅಂಕಿ ಕಲೆಸಿ ಲೆಕ್ಕ ಹಾಕಿ ಇನ್ನೊಂದು ಅಂಕಿ ವಾಪಸ್ ಕೊಡುತ್ತೆ, ಸರಿ ಇದ್ರೆ ಮುಂದೆ. ಪ್ರತಿ ಸಲ ಅಂಕಿ ಬೇರೆ, ಹಾಗಾಗಿ ನಿನ್ನೆಯ ಉತ್ತರ ಕದ್ದು ಕೇಳಿಸ್ಕೊಂಡೋನಿಗೆ ಇವತ್ತು ಅದರಿಂದ ಏನೂ ಪ್ರಯೋಜನ ಇಲ್ಲ.

ಇದು ಒಳ್ಳೇ ಡಾಂಗಲ್ ಮಾತು. ಶುರುವಿನಲ್ಲಿ ಬಂದವು ಪಾಪ ತುಂಬಾ ಮುಗ್ಧ, ಯಾವಾಗ ಕೇಳಿದ್ರೂ ಅದದೇ ಉತ್ತರ ಕೊಡೋವು. ಆಮೇಲೆ ಕೆಲವೇ ಬೈಟ್ ಹಿಡಿಸೋ ಮೆಮೊರಿ ಚಿಪ್ ಹಾಕಿದ್ರು, ಆಮೇಲೆ ಲೆಕ್ಕ ಮಾಡೋ ಚಿಪ್, ಈಗ ಎಟಿಎಂ ಕಾರ್ಡಲ್ಲಿ ಇರುತ್ತಲ್ಲ ಆ ಜಾತಿಯ ಸ್ಮಾರ್ಟ್‌ಕಾರ್ಡ್ ಚಿಪ್ಪೇ ಇರುತ್ತೆ. ಇಸ್ರೇಲಿನ ಅಲಾದ್ದಿನ್ ಕಂಪನಿಯ ಹಾಸ್ಪ್, ಅಮೆರಿಕದ ರೇನ್‌ಬೋ ಕಂಪನಿಯ ಸೆಂಟಿನೆಲ್, ಜರ್ಮನಿಯ ಕಾರ್ಲ್ಸ್‌ರೂಹೆಯ ವಿಬು ಕಂಪನಿಯ ಕೋಡ್‌ಮೀಟರ್, ನೀವು ನೋಡಿರೋ ಲಾಕು ಹೆಚ್ಚಾಗಿ ಈ ಮೂರರಲ್ಲಿ ಒಂದಾಗಿರುತ್ತೆ. ಹಾಸ್ಪ್ ಮತ್ತು ಸೆಂಟಿನೆಲ್ ಮೊದಲು ಬದ್ಧ ಎದುರಾಳಿಗಳು, ಆಮೇಲೆ ಇಬ್ಬರನ್ನೂ ಸೇಫ್‌ನೆಟ್ ಅನ್ನೋ ಕಂಪನಿ ಸೇರಿಸ್ಕೊಂಡ್ತು, ಅದನ್ನ ಜೆಮಾಲ್ಟೋ ನುಂಗಿತು, ಜೆಮಾಲ್ಟೋನ 2019ರಲ್ಲಿ ಫ್ರಾನ್ಸಿನ ಥಾಲೆಸ್ ತಗೊಂಡ್ತು. ಹಾಗಾಗಿ ಹಳೇ ಹಾಸ್ಪ್ ಡ್ರೈವರ್ ಹುಡುಕ್ತಾ ಹೋದ್ರೆ ಥಾಲೆಸ್ ಅಂತ ಬಂದ್ರೆ ಗಾಬರಿ ಬೀಳ್ಬೇಡಿ, ಅದೇ ಮನೆ, ಬೋರ್ಡು ಬೇರೆ.

ಪ್ರಶ್ನೆ: ಯುಎಸ್‌ಬಿ ಲಾಕ್ ಹಾಕಿದ್ರೂ ಕೆಲವೊಮ್ಮೆ ಸಿಗಲ್ಲ ಅನ್ನುತ್ತೆ, ತೆಗೆದು ಹಾಕಿದ್ರೆ ಬರುತ್ತೆ. ಎಂಬ್ರಾಯ್ಡರಿ ಡಿಸೈನಿಂಗ್ ಮಾಡ್ತೀನಿ, ಅರ್ಧ ಡಿಸೈನಲ್ಲಿ ಹೀಗಾದ್ರೆ ಅಳು ಬರುತ್ತೆ. (ಬಳ್ಳಾರಿಯಿಂದ ಒಬ್ಬ ಮಹಿಳೆ)

ಉತ್ತರ: ಮೇಡಂ, ಮೊದಲು ಲಾಕಿನ ಲೈಟ್ ನೋಡಿ. ಲೈಟೇ ಇಲ್ಲ ಅಂದ್ರೆ ಕರೆಂಟೇ ಹೋಗ್ತಿಲ್ಲ, ಪೋರ್ಟ್ ಸಡಿಲ ಇರುತ್ತೆ, ಇಲ್ಲಾ ಸಿಪಿಯು ಮುಂದಿನ ಪೋರ್ಟಿಗೆ ಹಾಕಿರ್ತೀರ. ಹಿಂದುಗಡೆ ಮದರ್‌ಬೋರ್ಡಿಗೇ ಅಂಟಿಕೊಂಡಿರೋ ಪೋರ್ಟಿಗೆ ಹಾಕಿ, ಅಗ್ಗದ ಹಬ್ ಬೇಡ. ಆಮೇಲೆ ವಿಂಡೋಸ್ ಪವರ್ ಉಳಿಸೋಕೆ ಅಂತ ಯುಎಸ್‌ಬಿ ಪೋರ್ಟನ್ನ ಮಲಗಿಸುತ್ತೆ, ಕಂಟ್ರೋಲ್ ಪ್ಯಾನಲ್ಲಿನ ಪವರ್ ಆಪ್ಷನಲ್ಲಿ ಅದನ್ನ ಆಫ್ ಮಾಡಿ. ನೀವು ಹೇಳೋ ಲಕ್ಷಣಕ್ಕೆ ನನ್ನ ಅನುಮಾನ ಇದರ ಮೇಲೇ ಜಾಸ್ತಿ.

ಲೈಟ್ ಇದ್ದೂ ಸಿಗಲ್ಲ ಅಂದ್ರೆ ಅದು ಡ್ರೈವರ್ ಗಲಾಟೆ. ನಿಮ್ಮ ಲಾಕು ಸೆಂಟಿನೆಲ್ ಜಾತಿದಾದ್ರೆ ಒಂದು ಒಳ್ಳೇ ಉಪಾಯ ಇದೆ, ಬ್ರೌಸರ್ ತೆಗೆದು ವಿಳಾಸದ ಜಾಗದಲ್ಲಿ ಇಂಗ್ಲಿಷಲ್ಲಿ ಲೋಕಲ್‌ಹೋಸ್ಟ್ ಅಂತ ಟೈಪ್ ಮಾಡಿ, ಪಕ್ಕದಲ್ಲೇ ಒಂದರ ಮೇಲೊಂದು ಎರಡು ಚುಕ್ಕೆ (ಕೋಲನ್) ಹಾಕಿ 1947 ಅಂತ ಬರೆದು ಎಂಟರ್ ಒತ್ತಿ. ಇಂಟರ್ನೆಟ್ ಬೇಡ, ಆ ಪೇಜು ನಿಮ್ಮ ಕಂಪ್ಯೂಟರಿನ ಒಳಗೇ ಇರೋದು. ಅದರಲ್ಲಿ ಲಾಕಿನ ಹೆಸರು, ನಂಬರು, ಯಾವ ಪ್ರೋಗ್ರಾಂ ಉಪಯೋಗಿಸ್ತಿದೆ ಎಲ್ಲ ಕಾಣುತ್ತೆ. ಅಲ್ಲಿ ಲಾಕ್ ಕಂಡು ಸಾಫ್ಟ್‌ವೇರಿಗೆ ಮಾತ್ರ ಕಾಣ್ತಿಲ್ಲ ಅಂದ್ರೆ ತಪ್ಪು ಸಾಫ್ಟ್‌ವೇರಿಂದು, ಅಲ್ಲೇ ಕಾಣ್ತಿಲ್ಲ ಅಂದ್ರೆ ಡ್ರೈವರ್ ತೆಗೆದು ಹೊಸದಾಗಿ ಹಾಕಿ, ಹಾಕೋವಾಗ ಲಾಕ್ ಪೋರ್ಟಲ್ಲಿ ಇರಬಾರ್ದು, ಇನ್‌ಸ್ಟಾಲ್ ಮುಗಿದ್ಮೇಲೆ ಸಿಕ್ಕಿಸಿ. ಇಷ್ಟು ಗೊತ್ತಿದ್ರೆ ಸರ್ವಿಸ್ ಹುಡುಗನ ಫೋನಿಗೆ ಕಾಯೋದು ಅರ್ಧ ತಪ್ಪುತ್ತೆ. (1947 ಅನ್ನೋ ನಂಬರು ನೆನಪಿಟ್ಕೊಳ್ಳೋಕೆ ನಮ್ಮೋರಿಗೆ ಯಾರೂ ಹೇಳಿಕೊಡ್ಬೇಕಿಲ್ಲ, ಅಲ್ವಾ.)

ಪ್ರಶ್ನೆ: ಡಾನ್ ಗಾಲ್ ಅನ್ನೋನು ಕಂಡುಹಿಡಿದಿದ್ದಕ್ಕೆ ಡಾಂಗಲ್ ಅಂತ ಹೆಸರು ಬಂತಂತೆ, ನಿಜವೇ? (ಮಂಗಳೂರು, ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಸುಳ್ಳು. 90ರ ದಶಕದ ಶುರುವಲ್ಲಿ ರೇನ್‌ಬೋ ಕಂಪನಿಯೋರು ತಮ್ಮ ಜಾಹೀರಾತಲ್ಲಿ ಕಟ್ಟಿದ ಕಥೆ ಅದು, ಅಂಥ ಮನುಷ್ಯನೇ ಇರಲಿಲ್ಲ. ಗೊತ್ತಿರೋ ಮಟ್ಟಿಗೆ ಮೊದಲು ಲಾಕ್ ಹಾಕ್ಕೊಂಡು ಬಂದ ಸಾಫ್ಟ್‌ವೇರುಗಳಲ್ಲಿ ಒಂದು 1980ರ ವರ್ಡ್‌ಕ್ರಾಫ್ಟ್, ಇಂಗ್ಲೆಂಡಿಂದು, ಕಮೋಡೋರ್ ಪೆಟ್ ಅನ್ನೋ ಕಂಪ್ಯೂಟರಲ್ಲಿ ಪತ್ರ ಬರೆಯೋ ಪ್ರೋಗ್ರಾಮು. ಆ ಕಂಪ್ಯೂಟರಿನ ಕ್ಯಾಸೆಟ್ ಪೋರ್ಟಿಗೆ ಲಾಕ್ ಸಿಕ್ಕಿಸೋದು. ಡಾಂಗಲ್ ಅನ್ನೋ ಪದಕ್ಕೆ ಅಪ್ಪ ಅಮ್ಮ ಇಲ್ಲ, ಬಾಯಿಗೆ ಬಂದದ್ದು ನಿಂತಿದೆ. ನಮ್ಮ ಡಿಟಿಪಿ ಜನಕ್ಕೆ ಮಾತ್ರ ಅದು ಮೊದಲಿಂದ್ಲೂ ಲಾಕೇ, ನಾನೂ ಹಾಗೇ ಕರೆಯೋದು.

ಪ್ರಶ್ನೆ: ಲಾಕ್ ಬರೋ ಮುಂಚೆ ಫ್ಲಾಪಿ ಕಾಲದಲ್ಲಿ ಕಾಪಿ ಹೇಗೆ ತಡೀತಿದ್ರು? ಕೀ ಡಿಸ್ಕ್ ಅಂತ ಏನೋ ಇತ್ತಂತೆ. (ಹಾಸನ)

ಉತ್ತರ: ಇದು ಮಜಾ ಇರೋ ಪ್ರಶ್ನೆ. ಹಾರ್ಡ್‌ಡಿಸ್ಕ್ ಅನ್ನೋದು ಶ್ರೀಮಂತರ ವಸ್ತು ಆಗಿದ್ದ ಕಾಲ. ಲೋಟಸ್ 1-2-3 ಅಂದ್ರೆ ಆಗಿನ ಎಕ್ಸೆಲ್ ಅಂದ್ಕೊಳ್ಳಿ, ಅದನ್ನ ಹಾರ್ಡ್‌ಡಿಸ್ಕಿಗೆ ಹಾಕಿಕೊಂಡ್ರೂ ಶುರು ಮಾಡೋವಾಗ ಅಸಲಿ ಫ್ಲಾಪಿ ಡ್ರೈವಲ್ಲಿ ಇರಲೇಬೇಕು, ಅದೇ ಕೀ ಡಿಸ್ಕ್. ಆ ಫ್ಲಾಪಿ ಕಾಪಿ ಮಾಡೋಕೆ ಹೋದ್ರೆ ಆಗ್ತಿರಲಿಲ್ಲ, ಯಾಕಂದ್ರೆ ಅದರಲ್ಲಿ ಬೇಕಂತಲೇ ಹಾಳು ಮಾಡಿದ ಜಾಗ ಇರೋದು, ಕಾಪಿ ಮಾಡೋ ಪ್ರೋಗ್ರಾಂ ಹಾಳು ಜಾಗ ಬಿಟ್ಟು ಒಳ್ಳೇದನ್ನ ಮಾತ್ರ ಬರೆಯೋದು, ಸಾಫ್ಟ್‌ವೇರು ಬಂದು ಆ ಹಾಳು ಜಾಗ ಎಲ್ಲಿ ಅಂತ ಹುಡುಕಿ ಸಿಗದಿದ್ರೆ ನೀನು ನಕಲಿ ಅಂತ ಮುಖ ತಿರುಗಿಸೋದು. ದೃಷ್ಟಿಬೊಟ್ಟು ಇದ್ರೇನೇ ನಮ್ಮ ಮಗು ಅಂದಂಗೆ.

ಅಮೆರಿಕದ ವಾಲ್ಟ್ ಅನ್ನೋ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ರೋಲಾಕ್ ಅಂತ ಫ್ಲಾಪಿ ಮಾರ್ತಿತ್ತು, ಫ್ಲಾಪಿಯ ಮೇಲೇ ಲೇಸರಿಂದ ಒಂದು ಗುರುತು ಸುಟ್ಟಿರೋದು. ಆ ಗಾಯವನ್ನ ಯಾವ ಕಾಪಿ ಪ್ರೋಗ್ರಾಂ ನಕಲು ಮಾಡಕ್ಕಾಗುತ್ತೆ? ಆದ್ರೂ ಕ್ವೇಡ್ ಅನ್ನೋ ಕೆನಡಾ ಕಂಪನಿ ಗಾಯ ಇಲ್ದೇನೂ ಇದೆ ಅಂತ ಸಾಫ್ಟ್‌ವೇರಿಗೆ ನಂಬಿಸೋ ಪ್ರೋಗ್ರಾಂ ಬರೆದು ಮಾರ್ತು. ವಾಲ್ಟ್ ಕೇಸ್ ಹಾಕ್ತು, 1988ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಕ್ವೇಡ್ ಪರವಾಗೇ ತೀರ್ಪು ಕೊಡ್ತು, ದುಡ್ಡು ಕೊಟ್ಟೋರು ಸುರಕ್ಷತೆಗೆ ಅಂತ ಇನ್ನೊಂದು ಕಾಪಿ ಇಟ್ಕೊಳ್ಳೋಕೂ ಅದು ಉಪಯೋಗ ಆಗುತ್ತಲ್ಲ ಅಂತ. ಅದಕ್ಕೂ ಮುಂಚೆ ವಾಲ್ಟ್‌ನೋರು, ನಕಲು ಓಡಿಸಿದೋರ ಕಂಪ್ಯೂಟರಿಗೇ ಹಾನಿ ಮಾಡೋ ಹೊಸ ಪ್ರೋಲಾಕ್ ತರ್ತೀವಿ ಅಂತ ಹೇಳಿ ಜನರ ಹತ್ರ ಬೈಸಿಕೊಂಡಿದ್ದು ಬೇರೆ. ಮನೆಗೆ ಕಳ್ಳ ಬರ್ತಾನೆ ಅಂತ ಅಂಗಳಕ್ಕೆ ಹಾವು ಬಿಟ್ರೆ ಮನೆಯೋರು ಓಡಾಡೋದು ಬೇಡ್ವಾ?

ಇನ್ನು ಆಟಗಳಿಗೆ 1985ರ ಹೊತ್ತಿಗೆ ಲೆನ್ಸ್‌ಲಾಕ್ ಅಂತ ಬಂತು, ಪ್ಲಾಸ್ಟಿಕ್ಕಿನ ಒಂದು ಸಣ್ಣ ಗೀರುಗೀರು ಮಸೂರ. ಟಿವಿ ಪರದೆ ಮೇಲೆ ಚೆಲ್ಲಾಪಿಲ್ಲಿ ಅಕ್ಷರ ಬರೋದು, ಮಸೂರ ಹಿಡಿದು ನೋಡಿದ್ರೆ ಸರಿಯಾಗಿ ಕಾಣೋದು, ಕಂಡ ಅಕ್ಷರ ಟೈಪ್ ಮಾಡಿದ್ರೆ ಆಟ ಶುರು. ಟಿವಿ ತೀರಾ ದೊಡ್ಡದಾದ್ರೂ ಚಿಕ್ಕದಾದ್ರೂ ಏನೂ ಕಾಣಲ್ಲ. ಸ್ಪೆಕ್ಟ್ರಮ್ ಕಂಪ್ಯೂಟರಿನ ಎಲೈಟ್ ಅನ್ನೋ ಹೆಸರುವಾಸಿ ಆಟದ ಕೆಲವು ಡಬ್ಬಿಗಳಲ್ಲಂತೂ ಬೇರೆ ಯಾವುದೋ ಆಟದ ಮಸೂರ ಹಾಕಿ ಕಳಿಸಿಬಿಟ್ಟಿದ್ರು! ದುಡ್ಡು ಕೊಟ್ಟ ಹುಡುಗರು ಒಂದು ಕಣ್ಣು ಮುಚ್ಚಿ ಟಿವಿ ಮುಂದೆ ಕೂತಿದ್ದೇ ಬಂತು.

ಪ್ರಶ್ನೆ: ಮಳೆಗಾಲದಲ್ಲಿ ಸಿಡಿಲು ಬಡಿದು ನಮ್ಮ ಕಂಪ್ಯೂಟರ್ ಜೊತೆ ಲಾಕೂ ಸುಟ್ಟೋಯ್ತು. ಮಾರಿದೋರು ಹೊಸ ಲಾಕಿಗೆ ಪೂರ್ತಿ ಸಾಫ್ಟ್‌ವೇರಿನ ರೇಟೇ ಕೇಳ್ತಿದ್ದಾರೆ. ಸಾಫ್ಟ್‌ವೇರಿಗೆ ಒಂದ್ಸಲ ದುಡ್ಡು ಕೊಟ್ಟಾಗಿದೆ, ಇದು ಯಾವ ನ್ಯಾಯ? (ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಪ್ರೆಸ್ ಮಾಲೀಕರು)

ಉತ್ತರ: ಅವರ ಲೆಕ್ಕದಲ್ಲಿ ನೀವು ಕೊಂಡಿದ್ದು ಸಿಡಿ ಅಲ್ಲ, ಲಾಕ್. ಸಿಡಿ ಬೇಕಾದ್ರೆ ಹತ್ತು ಕೊಡ್ತಾರೆ. ಕಳೆದೋಯ್ತು ಅಂದೋರಿಗೆಲ್ಲ ಸುಮ್ನೆ ಇನ್ನೊಂದು ಕೊಟ್ರೆ, ಕಳೆದೋಗದ ಲಾಕುಗಳೂ ಕಳೆದೋಗೋಕೆ ಶುರು ಆಗ್ತವೆ ಅನ್ನೋದು ಅವರ ಭಯ, ಅದರಲ್ಲಿ ಅರ್ಥ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಕಳೆದೋಗೋದು ಬೇರೆ, ಸುಟ್ಟೋಗೋದು ಬೇರೆ. ಸುಟ್ಟ ಲಾಕ್ ಕೈಲಿದೆಯಲ್ಲ, ಅದರ ಮೇಲಿನ ನಂಬರ್ ಓದೋಕಾಗುತ್ತಲ್ಲ, ಅದನ್ನ ವಾಪಸ್ ತಗೊಂಡು ಸಣ್ಣ ಮೊತ್ತಕ್ಕೆ ಬದಲಿ ಕೊಡೋದು ಸರಿಯಾದ ಪದ್ಧತಿ, ಎಷ್ಟೋ ಕಂಪನಿಗಳು ಹಾಗೇ ಮಾಡ್ತವೆ. ನಿಮ್ಮೋರು ಡೀಲರ್ ಆಗಿದ್ರೆ ಡೀಲರ್ ಬಿಟ್ಟು ಸೀದಾ ಕಂಪನಿಗೆ ಬರೀರಿ, ಬಿಲ್ಲು, ಸುಟ್ಟ ಲಾಕಿನ ಫೋಟೋ ಎರಡೂ ಹಾಕಿ. ಕಂಪ್ಯೂಟರಿಗೆ ಇನ್ಶೂರೆನ್ಸ್ ಇದ್ರೆ ಲಾಕನ್ನೂ ಅದರ ಪೂರ್ತಿ ಬೆಲೆಗೆ ಲಿಸ್ಟಲ್ಲಿ ಸೇರಿಸಿ, ಇಷ್ಟು ಸಣ್ಣ ವಸ್ತು ಅಂತ ಎಲ್ರೂ ಬಿಟ್ಟಿರ್ತಾರೆ.

ಪ್ಯಾರಲಲ್ ಲಾಕುಗಳು ಪೋರ್ಟಿನ ಸಿಗ್ನಲ್ ವೈರಲ್ಲಿ ಬರೋ ಒಂಚೂರು ಕರೆಂಟಲ್ಲೇ ಬದುಕೋವು, ಅದಕ್ಕೇ ಸೂಕ್ಷ್ಮ. ಹಿಂದೆ ಪ್ರಿಂಟರ್ ಕೇಬಲ್ ಬೇರೆ ಸಿಕ್ಕಿಸಿರ್ತಿದ್ವಿ, ಪ್ರಿಂಟರ್ ಆಫ್ ಇದ್ರೆ ಲಾಕ್ ಸಿಗಲ್ಲ, ಆನ್ ಮಾಡಿದ್ರೆ ಸಿಗುತ್ತೆ, ಯಾಕೆ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಎರಡು ಸಾಫ್ಟ್‌ವೇರ್ ಇದ್ರೆ ಲಾಕಿಗೆ ಲಾಕ್ ಸಿಕ್ಕಿಸಿ ಬಾಲ ಉದ್ದ ಆಗೋದು, ಗೋಡೆಗೆ ತಾಗಿ ಮುರಿಯೋದು.

ನನ್ನದೇ ಒಂದು ಕಥೆ ಹೇಳ್ತೀನಿ. 1997ರ ಸುಮಾರಿಗೆ ಸಾಗರದ ಒಂದು ಪ್ರೆಸ್ಸಲ್ಲಿ ಕೆಲಸಕ್ಕಿದ್ದೆ, ಮಾಲೀಕರಿಗೆ ಶಿವಮೊಗ್ಗದಲ್ಲಿ ಇನ್ನೊಂದು ಪ್ರೆಸ್ಸು. ಕಂಪ್ಯೂಟರ್ ಎರಡು, ಲಾಕ್ ಒಂದೇ. ಎರಡನೇದು ಕೊಳ್ಳೋಕೆ ಅವರ ಮನಸ್ಸು ಒಪ್ಪಲಿಲ್ಲ, ಕದ್ದು ಓಡಿಸೋಕೂ ಒಪ್ಪಲಿಲ್ಲ, ಹಾಗಾಗಿ ಲಾಕೇ ಓಡಾಡ್ತಿತ್ತು. ಬೆಳಗ್ಗೆ ಮೊದಲ ಬಸ್ಸಿನ ಡ್ರೈವರ್ ಕೈಲಿ ಕೊಡೋದು, ಅಡಿಕೆ ಸುಣ್ಣದ ತಗಡಿನ ಡಬ್ಬಿ ಒಳಗೆ ಹತ್ತಿ ಇಟ್ಟು ಅದರಲ್ಲಿ ಲಾಕ್, ಮೇಲೆ ರಬ್ಬರ್ ಬ್ಯಾಂಡು. ಶಿವಮೊಗ್ಗದಲ್ಲಿ ಹುಡುಗ ಸ್ಟ್ಯಾಂಡಲ್ಲಿ ನಿಂತಿರೋನು, ಸಂಜೆ ಬಸ್ಸಿಗೆ ವಾಪಸ್. ಒಂದಿನ ಚುನಾವಣೆ ಕರಪತ್ರದ ಅವಸರ, ಬಸ್ಸು ಬಂತು, ಡಬ್ಬಿ ಬಂತು, ತೆಗೆದು ನೋಡಿದ್ರೆ ಸುಣ್ಣ! ಡ್ರೈವರ್ ತನ್ನ ಡಬ್ಬಿ ನಮಗೆ ಕೊಟ್ಟು ನಮ್ಮದನ್ನ ಜೇಬಿಗೆ ಹಾಕ್ಕೊಂಡು ಹೋಗಿದ್ದ. ಮಾರನೇ ದಿನ ವಾಪಸ್ ಬಂದಾಗ ಲಾಕಿನ 25 ಪಿನ್ನಲ್ಲಿ ಎರಡು ಬಗ್ಗಿತ್ತು, ಕಟ್ಟಿಂಗ್ ಪ್ಲೇಯರಲ್ಲಿ ಉಸಿರು ಬಿಗಿಹಿಡ್ಕೊಂಡು ನೆಟ್ಟಗೆ ಮಾಡಿದ್ದು ನಾನೇ.

ಇನ್ನು ನ್ಯಾಯದ ಮಾತಿಗೆ ಬಂದ್ರೆ, ಅಮೆರಿಕದಲ್ಲಿ 1998ರ ಕಾನೂನು ಇಂಥ ಲಾಕ್ ಒಡೆಯೋದನ್ನ ನಿಷೇಧಿಸ್ತು, ಆದ್ರೆ 2003ರಲ್ಲಿ ಅಲ್ಲಿನ ಕಾಪಿರೈಟ್ ನಿಯಮದಲ್ಲಿ ಒಂದು ವಿನಾಯ್ತಿ ಬಂತು, ಲಾಕ್ ಹಾಳಾಗಿ ಬದಲಿ ಸಿಗದಂಥ ಹಳೇ ಕಾಲದ್ದಾಗಿದ್ರೆ ಅದನ್ನ ದಾಟಿ ಪ್ರೋಗ್ರಾಂ ಉಪಯೋಗಿಸಬಹುದು ಅಂತ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಅನ್ನೋ ಸೆಕ್ಷನ್ ಸೇರಿತು, ಅದರಲ್ಲಿ ಹಕ್ಕು ಉಲ್ಲಂಘನೆ ಮಾಡೋ ಉದ್ದೇಶದಿಂದ ಲಾಕ್ ಒಡೆದ್ರೆ ಎರಡು ವರ್ಷದವರೆಗೆ ಜೈಲು, ದಂಡ. ಉದ್ದೇಶ ಅನ್ನೋ ಪದಕ್ಕೆ ಅಲ್ಲಿ ತೂಕ ಇದೆ. ನಾನು ವಕೀಲ ಅಲ್ಲ, ಅದರ ಮೇಲೆ ಭಾರ ಹಾಕೋ ಮುಂಚೆ ಒಬ್ಬ ವಕೀಲರನ್ನ ಕೇಳಿ.

ಪ್ರಶ್ನೆ: ಅದೇ ಸಾಫ್ಟ್‌ವೇರನ್ನ ಲಾಕ್ ಇಲ್ದೆ ಓಡೋ ಹಾಗೆ ಮಾಡಿಕೊಡ್ತೀನಿ, 2000 ರೂಪಾಯಿ ಅಂತ ಒಬ್ಬ ಬಂದಿದ್ದಾನೆ. ನಮ್ಮತ್ರ ಅಸಲಿ ಲಾಕ್ ಇದೆ, ಆದ್ರೂ ಪದೇ ಪದೇ ಕೈಕೊಡೋದ್ರಿಂದ ಆಸೆ ಆಗ್ತಿದೆ. ಅವನು ಅದನ್ನ ಹೇಗೆ ಮಾಡ್ತಾನೆ, ಮಾಡಿಸಬಹುದಾ? (ಕಲಬುರಗಿ)

ಉತ್ತರ: ಹೇಗೆ ಅನ್ನೋದು ಹೇಳ್ತೀನಿ, ಮಾಡಿಸಿ ಅಂತ ಹೇಳಲ್ಲ. ಹಳೇ ಸಾಫ್ಟ್‌ವೇರುಗಳ ದೌರ್ಬಲ್ಯ ಏನಂದ್ರೆ ಲಾಕ್ ಎಷ್ಟೇ ಗಟ್ಟಿ ಇದ್ರೂ ಕೊನೆಗೆ ಪ್ರೋಗ್ರಾಮಿನ ಒಳಗೆ ಒಂದು ಕಡೆ ಪ್ರಶ್ನೆ ಇರುತ್ತೆ, ಲಾಕ್ ಸರಿ ಇದ್ಯಾ, ಇದ್ರೆ ಈ ಕಡೆ, ಇಲ್ದಿದ್ರೆ ಆ ಕಡೆ. ಆ ಜಾಗ ಹುಡುಕಿ, ಷರತ್ತು ಸರಿ ಇದ್ರೆ ಮಾತ್ರ ಹಾರು ಅನ್ನೋ 74 ಅನ್ನೋ ಕೋಡನ್ನ, ಏನೇ ಇರ್ಲಿ ಹಾರು ಅನ್ನೋ ಇಬಿ ಅಂತ ಬದಲಾಯಿಸಿದ್ರೆ ಮುಗೀತು. ಬದಲಾಗಿದ್ದು ಒಂದೇ ಒಂದು ಬೈಟ್. ಬಾಗಿಲಿಗೆ ಅರಮನೆ ಬೀಗ ಹಾಕಿ ಚಿಲಕವನ್ನ ಎರಡು ಸಣ್ಣ ಸ್ಕ್ರೂನಲ್ಲಿ ಕೂರಿಸಿದಂಗೆ. ಇನ್ನೊಂದು ದಾರಿ ಎಮ್ಯುಲೇಟರ್, ಅಂದ್ರೆ ಅಸಲಿ ಲಾಕಿನ ಮಾತುಕತೆನೆಲ್ಲ ಕೇಳಿಸ್ಕೊಂಡು ಅದೇ ಥರ ಉತ್ತರ ಕೊಡೋ ಸುಳ್ಳು ಡ್ರೈವರ್. ಇದಕ್ಕೇ ಈಗಿನ ಲಾಕುಗಳಲ್ಲಿ ಪ್ರೋಗ್ರಾಮಿನ ಒಂದು ಭಾಗವನ್ನೇ ಗುಪ್ತಲಿಪಿ ಮಾಡಿ ಅದರ ಕೀಲಿಯನ್ನ ಲಾಕಲ್ಲಿ ಇಡ್ತಾರೆ, ಕೆಲವರು ಕೆಲವು ಲೆಕ್ಕವನ್ನೇ ಲಾಕಿನ ಒಳಗೆ ಮಾಡಿಸ್ತಾರೆ.

ಮಾಡಿಸಬೇಡಿ ಅನ್ನೋಕೆ ಎರಡು ಕಾರಣ. ಆ ಸುಳ್ಳು ಡ್ರೈವರು ಕಂಪ್ಯೂಟರಿನ ಗರ್ಭಗುಡಿವರೆಗೆ ಹೋಗುತ್ತೆ, ಅದನ್ನ ಹಾಕೋಕೆ ಆಂಟಿವೈರಸ್ ಆಫ್ ಮಾಡಿ ಅಂತ ಅವನೇ ಹೇಳ್ತಾನೆ, ಜೊತೆಗೆ ಏನೇನು ಒಳಗೆ ಬಂತು ಅಂತ ನಿಮಗೂ ಗೊತ್ತಾಗಲ್ಲ, ಎಷ್ಟೋ ಸಲ ಅವನಿಗೂ ಗೊತ್ತಿರಲ್ಲ. ಎರಡನೇದು, ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಉಪಯೋಗಿಸಿದ್ರೆ ಕಾಪಿರೈಟ್ ಕಾಯ್ದೆಯ 63ಬಿ ಇದೆ, ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ನೀವು ದುಡ್ಡು ಕೊಟ್ಟೋರು, ನಿಮ್ಮ ವಾದ ಬೇರೆ ಇರಬಹುದು, ಆದ್ರೆ ಅದನ್ನ ಕೋರ್ಟಲ್ಲಿ ಹೇಳೋ ಪರಿಸ್ಥಿತಿ ಯಾಕೆ ತಂದ್ಕೊಳ್ತೀರ.

ಹೀಗೆ ಹೇಳಿದ್ರೂ ನನಗೆ ಹೊಟ್ಟೆ ಉರಿಯೋದು ಇದಕ್ಕೇ ನೋಡಿ. ಪಕ್ಕದ ಅಂಗಡಿಯೋನು ಕ್ರ್ಯಾಕ್ ಹಾಕ್ಕೊಂಡು ಲ್ಯಾಪ್‌ಟಾಪಲ್ಲಿ ಆರಾಮಾಗಿ ಓಡಿಸ್ತಾನೆ, ಪೋರ್ಟ್ ಚಿಂತೆ ಇಲ್ಲ, ಪಿನ್ ಬಗ್ಗೋ ಚಿಂತೆ ಇಲ್ಲ, ಸಿಡಿಲಿನ ಚಿಂತೆ ಇಲ್ಲ. ಲಾಕ್ ಕಾಟ ಪೂರ್ತಿ ಅನುಭವಿಸೋನು ದುಡ್ಡು ಕೊಟ್ಟೋನು. ನಕ್ಷೆ ಬರೆಯೋ ಆಟೋಕ್ಯಾಡ್ ಸಾಫ್ಟ್‌ವೇರ್ ಮಾಡೋ ಆಟೋಡೆಸ್ಕ್ ಕಂಪನಿ 80ರ ದಶಕದಲ್ಲಿ ಲಾಕ್ ಹಾಕ್ತು, ಅಮೆರಿಕದ ಗ್ರಾಹಕರು ಜಗಳ ಆಡಿದ್ದಕ್ಕೆ ಅಲ್ಲಿ ತೆಗೀತು, ಹೊರದೇಶದೋರಿಗೆ ಮಾತ್ರ ಆಮೇಲೂ ವರ್ಷಗಟ್ಟಲೆ ಲಾಕ್ ತಪ್ಪಲಿಲ್ಲ. ಜಗಳ ಆಡೋರಿಗೊಂದು ನ್ಯಾಯ, ಆಡದೋರಿಗೊಂದು. ನೀವೂ ಕಂಪನಿಗೆ ಫೋನ್ ಮಾಡಿ ಗಟ್ಟಿ ದನಿಯಲ್ಲಿ ಕೇಳಿ, ಲಾಕ್ ಬದಲಾಯಿಸಿ ಕೊಡಿ ಇಲ್ಲಾ ಲಾಕ್ ಬೇಡದ ಸಾಫ್ಟ್ ಲೈಸೆನ್ಸ್ ಕೊಡಿ ಅಂತ.

ಪ್ರಶ್ನೆ: ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸಿಗೆ ಉಪಯೋಗಿಸೋ ಡಿಜಿಟಲ್ ಸಹಿ ಟೋಕನ್ನೂ ಇದೇ ಡಾಂಗಲ್ಲಾ? (ತುಮಕೂರು, ಟ್ಯಾಕ್ಸ್ ಪ್ರಾಕ್ಟೀಷನರ್)

ಉತ್ತರ: ಒಳಗಿನ ಚಿಪ್ಪು ಹತ್ತಿರದ ಸಂಬಂಧಿ, ಕೆಲಸ ಬೇರೆ. ಲಾಕು ಸಾಫ್ಟ್‌ವೇರ್ ಕಂಪನಿಯ ಕಾವಲುಗಾರ, ಟೋಕನ್ ನಿಮ್ಮ ಕಾವಲುಗಾರ. ನಿಮ್ಮ ಸಹಿಯ ಗುಪ್ತ ಕೀಲಿ ಅದರೊಳಗೇ ಇರುತ್ತೆ, ಸಹಿ ಒಳಗೇ ಆಗುತ್ತೆ, ಕೀಲಿ ಹೊರಗೆ ಬರಲ್ಲ. ಹಾಗಾಗಿ ಕಳೆದೋದ್ರೆ ಬ್ಯಾಕಪ್ ಇಲ್ಲ, ಕೊಟ್ಟ ಸಂಸ್ಥೆಗೆ ತಕ್ಷಣ ಹೇಳಿ ರದ್ದು ಮಾಡಿಸಿ ಹೊಸದು ಮಾಡಿಸ್ಬೇಕು. ಪಿನ್ ನಂಬರ್ ತಪ್ಪು ತಪ್ಪು ಹಾಕಿ ಟೋಕನ್ ಬಂದ್ ಮಾಡ್ಕೊಂಡೋರು ಗಡಿಬಿಡೀಲಿ ಇನಿಷಿಯಲೈಸ್ ಒತ್ತಬೇಡಿ, ಅದರಲ್ಲಿರೋ ಸರ್ಟಿಫಿಕೇಟು ಅಳಿಸಿ ಹೋಗುತ್ತೆ. ಮತ್ತೆ ಕಕ್ಷಿದಾರರ ಟೋಕನ್ನೆಲ್ಲ ಒಂದು ಡಬ್ಬೀಲಿ ಹಾಕಿ ಪಿನ್ನನ್ನ ಚೀಟಿ ಬರೆದು ಅದಕ್ಕೇ ಅಂಟಿಸಿ ಇಟ್ಕೊಂಡಿರೋರು ನೀವೊಬ್ಬರೇ ಅಲ್ಲ ಅಂತ ನನಗೆ ಗೊತ್ತು, ಆದ್ರೂ ಆ ಚೀಟಿ ಕಿತ್ತುಹಾಕಿ ಸ್ವಾಮಿ.

ಪ್ರಶ್ನೆ: ಈಗ ಎಲ್ಲ ಆನ್‌ಲೈನ್ ಆಕ್ಟಿವೇಷನ್. ಲಾಕ್ ಕಾಲ ಮುಗೀತು ಅನ್ನಬಹುದಾ? ವಿಂಡೋಸ್ 11ಕ್ಕೆ ಟಿಪಿಎಂ ಬೇಕು ಅಂತಾರಲ್ಲ, ಅದೂ ಒಂಥರ ಲಾಕಾ? (ಹುಬ್ಬಳ್ಳಿ)

ಉತ್ತರ: ಪೂರ್ತಿ ಮುಗಿದಿಲ್ಲ. ನಮ್ಮ ಬೆಂಗಳೂರಿನ ಲೆಕ್ಕಪತ್ರದ ಸಾಫ್ಟ್‌ವೇರು ಟ್ಯಾಲಿನೇ ನೋಡಿ, ಹಳೇ ಆವೃತ್ತಿಗಳಿಗೆ ಲಾಕ್ ಇತ್ತು, ಈಗ ಇಂಟರ್ನೆಟ್ಟಲ್ಲೇ ಲೈಸೆನ್ಸು. ಸಂಗೀತ ರೆಕಾರ್ಡಿಂಗ್ ಮಾಡೋರ ಕ್ಯೂಬೇಸ್ ಅಟಾರಿ ಕಂಪ್ಯೂಟರಿನ ಕಾಲದಿಂದ ಲಾಕ್ ಜೊತೆ ಬಂದಿದ್ದು, 2022ರಲ್ಲಿ ಬಂದ 12ನೇ ಆವೃತ್ತಿಗೆ ಲಾಕ್ ಬೇಡ ಅಂತ ಬಿಟ್ರು, ಸ್ಟುಡಿಯೋದೋರು ಹಬ್ಬ ಮಾಡಿದ್ರು. ಆದ್ರೆ ಇಂಟರ್ನೆಟ್ ಇಲ್ಲದ ಫ್ಯಾಕ್ಟರಿ ಮೆಷಿನ್ನು, ಆಸ್ಪತ್ರೆ ಉಪಕರಣ ಇಂಥ ಕಡೆ ಲಾಕೇ ಇನ್ನೂ ವಾಸಿ. ಲಾಕಿನ ಒಂದು ಗುಣ ನಾನು ಒಪ್ತೀನಿ, ಕಂಪನಿ ಮುಚ್ಚಿದ್ರೂ ಕೈಲಿರೋ ಲಾಕು ಕೆಲಸ ಮಾಡ್ತಾನೇ ಇರುತ್ತೆ. ಆನ್‌ಲೈನ್ ಲೈಸೆನ್ಸಿನ ಸರ್ವರ್ ಆಫ್ ಆದ ದಿನ ನಿಮ್ಮ ಹತ್ರ ಏನಿರುತ್ತೆ, ಬಿಲ್ಲು.

ಟಿಪಿಎಂ ಕಾಪಿ ತಡೆಯೋಕೆ ಅಂತ ಹಾಕಿದ್ದಲ್ಲ, ಡಿಸ್ಕಿನ ಗುಪ್ತಲಿಪಿ ಕೀಲಿ ಇಂಥದ್ದನ್ನ ಕಾಪಾಡೋ ಚಿಪ್ಪು, ಆದ್ರೆ ಗುಟ್ಟು ಒಳಗೆ ಇಟ್ಕೊಂಡು ಹೊರಗೆ ಬರೀ ಉತ್ತರ ಕೊಡೋ ಸ್ವಭಾವ ಒಂದೇ. ಕಂಪ್ಯೂಟರಿನ ಭಾಗಗಳನ್ನೇ ಗುರುತು ಹಿಡಿದು ಲಾಕ್ ಥರ ಮಾಡಿದ್ದು ಬೇರೆ, ಅದು 2001ರಲ್ಲಿ ಎಕ್ಸ್‌ಪಿ ಜೊತೆ ಬಂತು, ಮದರ್‌ಬೋರ್ಡು, ರ‍್ಯಾಮು ಅಂತ ಒಂದರ ಹಿಂದೊಂದು ಬದಲಾಯಿಸಿದ್ರೆ ವಿಂಡೋಸಿಗೆ ನಮ್ಮ ಗುರುತೇ ಸಿಗದೆ ಫೋನ್ ಮಾಡಿ ಉದ್ದುದ್ದ ನಂಬರ್ ಒಪ್ಪಿಸ್ಬೇಕಿತ್ತು.

ಪ್ರಶ್ನೆ: ಆಯುಧಪೂಜೆ ದಿನ ನಮ್ಮ ಯಜಮಾನ್ರು ಕಂಪ್ಯೂಟರಿಗೆ, ಕಟಿಂಗ್ ಮೆಷಿನ್ನಿಗೆ ಪೂಜೆ ಮಾಡೋವಾಗ ಲಾಕಿಗೂ ಅರಿಶಿನ ಕುಂಕುಮ ಹಚ್ಚಿ ತೀರ್ಥ ಹಾಕಿಬಿಟ್ರು. ಯುಎಸ್‌ಬಿ ಲಾಕು. ಈಗ ಲೈಟ್ ಬರ್ತಿಲ್ಲ. ಉಳಿಯುತ್ತಾ? (ಮೈಸೂರು)

ಉತ್ತರ: ಉಳಿಯೋ ಸಾಧ್ಯತೆ ಇದೆ, ಪೋರ್ಟಿಗೆ ಮಾತ್ರ ಮತ್ತೆ ಹಾಕಿ ನೋಡ್ತಾ ಇರಬೇಡಿ, ಒದ್ದೆ ಇದ್ದಾಗ ಕರೆಂಟ್ ಹರಿದ್ರೇನೇ ಚಿಪ್ ಸುಡೋದು. ಮೆಡಿಕಲ್ ಶಾಪಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡೀಲೋ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತೆ, ಹಳೇ ಮೆತ್ತನೆ ಹಲ್ಲುಜ್ಜೋ ಬ್ರಷ್ ಅದರಲ್ಲಿ ಅದ್ದಿ ನಾಲ್ಕು ಹಿತ್ತಾಳೆ ಬಣ್ಣದ ಪಟ್ಟಿ ಇದೆಯಲ್ಲ, ಅಲ್ಲಿ ಕುಂಕುಮ ಹೋಗೋವರೆಗೂ ಉಜ್ಜಿ. ಆಮೇಲೆ ಎರಡು ದಿನ ಫ್ಯಾನ್ ಗಾಳಿಗೆ ಇಡಿ, ಬಿಸಿಲಿಗೆ ಬೇಡ, ಒಲೆ ಹತ್ರ ಅಂತೂ ಬೇಡ. ಅಕ್ಕಿ ಡಬ್ಬೀಲಿ ಹೂತಿಡಬೇಡಿ, ಹಿಟ್ಟು ಹೋಗಿ ಸಂದೀಲಿ ಕೂರುತ್ತೆ. ಮೂರನೇ ದಿನ ಹಾಕಿ ನೋಡಿ, ಲೈಟ್ ಬಂದ್ರೆ ಸರಿ. ಮುಂದಿನ ವರ್ಷ ಕುಂಕುಮ ಡಬ್ಬಿಗೆ ಹಚ್ಚಿ, ಲಾಕು ಒಳಗಿರ್ಲಿ.